ಮಿಸ್ಸಿನ ಮೇಜಿನ ಮೇಲೆ

ಅವರೆಕಾಯಿ ಕಾಲ. ಬೆಳಗಿನ ಚಳಿ ಇನ್ನೂ ಬಿಟ್ಟಿರಲಿಲ್ಲ. ಚಾಮರಾಜಪೇಟೆಯ ಹೊಂಗೆ ಮರದ ಕೆಳಗೆ ಮುನಿರಾಮಪ್ಪ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದ. ಎದುರು ಮನೆಯ ಮಹಡಿಯಲ್ಲಿರುವ ಲಾಸ್ಯಾ ಚಪ್ಪಲಿಯನ್ನೂ ಮೆಟ್ಟದೆ ಓಡಿ ಬಂದಳು. ಅವಳ ಕೈಯಲ್ಲಿ ಅವನು ಬಟ್ಟೆ ಗಂಟಿಗೆ ಸಿಕ್ಕಿಸಿ ಕೊಟ್ಟಿದ್ದ ಚೀಟಿ ಇತ್ತು. ಮುದುಕ ಗಾಬರಿಯಿಂದ ಕೆಂಡ ತುಂಬುವುದನ್ನು ಬಿಟ್ಟ.

“ಸುಟ್ಟೋಯ್ತಾ ತಾಯಿ? ಯಾವ್ದು, ಆ ಹಸಿರು ಕುರ್ತಾನಾ?”

“ಬಟ್ಟೆಗೇನಾಗಿಲ್ಲ ತಾತ. ಇದು ಯಾರು ಬರೆದಿದ್ದು?”

ಚೀಟಿಯಲ್ಲಿ ‘ಮೇಲ್ಗಡೆ ಮನೆ ಹುಡುಗಿ’ ಎಂದಿತ್ತು. ಒಂದು ಅಕ್ಷರ ಆನೆಯಷ್ಟು, ಇನ್ನೊಂದು ಇರುವೆಯಷ್ಟು. ಸಾಲು ಏರಿ ಇಳಿದು ಸುಸ್ತಾಗಿ ಕಾಗದದ ಅಂಚಿನಲ್ಲಿ ಕೂತಿತ್ತು.

“ನಾನೇ. ಮೂರನೇ ಕ್ಲಾಸಿಗೆ ಬಿಟ್ಟೋನು. ಕೋಳಿ ಕೆರೆದಂಗಿದೆ, ನಗಬೇಡ.”

ಲಾಸ್ಯಾ ನಗಲಿಲ್ಲ. ಅವಳು ಕಂಪ್ಯೂಟರಿನಲ್ಲಿ ಆಡುವ ಒಂದು ಆಟ ಕಟ್ಟುತ್ತಿದ್ದಳು. ಅದರಲ್ಲಿ ಹೊಡೆದಾಟವಿಲ್ಲ, ಗುಂಡಿನ ಸದ್ದಿಲ್ಲ. ಆಡುವವರು ಮುಚ್ಚಿಹೋದ ಹಳೆಯ ಶಾಲೆಯೊಂದರ ಒಳಹೊಕ್ಕು, ಕೋಣೆ ಕೋಣೆ ಹುಡುಕಿ, ಶ್ರೀಹರಿ ಎಂಬ ಹುಡುಗ ಬರೆದಿಟ್ಟ ಚೀಟಿಗಳನ್ನು ಓದಬೇಕು. ಅವನು ಯಾರು, ಎಲ್ಲಿಗೆ ಹೋದ ಎಂದು ತಿಳಿಯಬೇಕು. ಚೀಟಿಗಾಗಿ ಅವಳ ಸ್ನೇಹಿತರೆಲ್ಲ ಕೈ ಸೊಟ್ಟ ಮಾಡಿಕೊಂಡು ಬರೆದು ನೋಡಿದ್ದರು. ಎಲ್ಲವೂ ಮೀಸೆ ಬಂದವರು ಚಡ್ಡಿ ಹಾಕಿಕೊಂಡ ಹಾಗೆ ಕಂಡಿತ್ತು.

“ನಿಮ್ಮ ಕೈ ಇನ್ನೂ ಮೂರನೇ ಕ್ಲಾಸಲ್ಲೇ ಇದೆ ತಾತ. ಏನು ಬರೀಬೇಕು ಅಂತ ನಾನು ಹೇಳ್ತೀನಿ, ನೀವೇ ಬರ್ಕೊಡಿ. ಮುಂದಿನ ಭಾನುವಾರ ಆಟ ಜನರ ಕೈಗೆ ಹೋಗ್ಬೇಕು.”

ಬ್ಯಾಂಕಿನಲ್ಲಿ, ರೇಷನ್ ಅಂಗಡಿಯಲ್ಲಿ, ಕಂಡವರ ಎದುರಿಗೆಲ್ಲ ಅಂಗೈ ಅಡ್ಡ ಇಟ್ಟು ಮುಚ್ಚಿಕೊಂಡೇ ಬಂದ ಅಕ್ಷರ ಅದು. ಅದೇ ಬೇಕು ಅಂತ ಒಬ್ಬರು ಬರಿಗಾಲಲ್ಲಿ ಓಡಿ ಬಂದಿದ್ದಾರೆ! ಈ ಹುಡುಗಿಯ ಮಾತಿಗೆ ತಕ್ಕ ಹಾಗೆ ಬರೆದುಕೊಡಬೇಕು ಎಂದುಕೊಂಡ ಮುನಿರಾಮಪ್ಪ. ಎಡವಟ್ಟಾಗಿದ್ದು ಅಲ್ಲೇ. ಮೊಮ್ಮಗಳು ಬಿಂದುಶ್ರೀಯ ಕಾಪಿ ಪುಸ್ತಕ ಇಸಿದುಕೊಂಡು ವಾರವೆಲ್ಲ ಸಂಜೆ ಕೂತು ತಿದ್ದಿದ. “ತಾತ, ಮುತ್ತು ಪೋಣ್ಸಿದಂಗೆ ಬಂತು!” ಎಂದು ಅವಳೂ ಚಪ್ಪಾಳೆ ತಟ್ಟಿದಳು.

ಶನಿವಾರ ಮಹಡಿ ಹತ್ತಿ ಅವನು ಚೀಟಿಗಳನ್ನು ಹರವಿದಾಗ ಲಾಸ್ಯಾಳ ಮುಖ ಇಳಿಯಿತು.

“ಚೆನ್ನಾಗಿದೆ ತಾತ.”

“ಮತ್ತೆ ಮುಖ ಯಾಕೆ ಹಂಗಿದೆ?”

“ತುಂಬಾ ಚೆನ್ನಾಗಿದೆ. ನಂಗೆ ಆ ಮೊದಲಿನ ಅಕ್ಷರಾನೇ ಬೇಕಿತ್ತು.”

ಅವಳು ಕುರ್ಚಿ ಎಳೆದು ಕೂರಿಸಿದಳು, ಪೆನ್ನು ಕೊಟ್ಟಳು. ಮುನಿರಾಮಪ್ಪ ಬೇಕೆಂದೇ ಸೊಟ್ಟಗೆ ಎಳೆದ. ಅವನದೂ ಸ್ನೇಹಿತರದರ ಹಾಗೇ ಸುಳ್ಳು ಸುಳ್ಳಾಗಿ ಬಂತು. ಉಪಕಾರ ಮಾಡಲು ಹೋಗಿ ಇದ್ದದ್ದನ್ನೂ ಕಳೆದುಕೊಂಡೆನಲ್ಲ ಎಂದು ಬೆವರಿದ. ಕೊನೆಗೆ ಕುರ್ಚಿ ಬಿಟ್ಟು ನೆಲಕ್ಕೆ ಇಳಿದ.

“ಇದ್ರ ಮೇಲೆ ಕೂತ್ರೆ ಕೈಗೆ ಗುಮಾಸ್ತನ ಗತ್ತು ಬರುತ್ತೆ ತಾಯಿ. ನಮ್ ಸ್ಕೂಲಲ್ಲಿ ಮೇಜು ಅಂತ ಇದ್ದಿದ್ದು ಮಿಸ್ಸಿಗೆ ಒಂದೇ. ಪೆನ್ಸಿಲ್ ಇದ್ಯಾ? ಮೋಟುದ್ದು ಕೊಡು.”

ಒಂದು ಮೊಣಕಾಲು ಎತ್ತಿ, ಅದರ ಮೇಲೆ ರಟ್ಟು ಇಟ್ಟು, ಗಲ್ಲವನ್ನು ಮಂಡಿಗೆ ಆನಿಸಿ ಕೂತ. ಎಪ್ಪತ್ತರ ಮಂಡಿ ಲಟಕ್ಕೆಂದಿತು. ಮೊದಲ ಅಕ್ಷರ ಆನೆಯಾಗಿ ಬಂತು, ಎರಡನೆಯದು ಇರುವೆ. ‘ಬಳಪ ಕಳೆದು ಹೋಯಿತು.’ ‘ಇವತ್ತು ಉಪ್ಪಿಟ್ಟು ಎರಡು ಸಲ ಕೊಟ್ಟರು.’ ಲಾಸ್ಯಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನೋಡುತ್ತಿದ್ದಳು. ಊಟದ ಹೊತ್ತಿಗೆ ಒಂದೇ ಚೀಟಿ ಉಳಿಯಿತು. ಹುಡುಗ ಶಾಲೆ ಬಿಟ್ಟು ಹೋಗುವ ದಿನದ್ದು.

“ಇದಕ್ಕೇನು ಬರೀಬೇಕೋ ಹೊಳೀತಿಲ್ಲ ತಾತ. ನೀವು ಬಿಟ್ಟಾಗ ಏನು ಹೇಳಿ ಬಂದ್ರಿ?”

“ಹೇಳೋಕೆಲ್ಲಾಯ್ತು? ಅಪ್ಪ ಹಾಸಿಗೆ ಹಿಡಿದ, ಇಸ್ತ್ರಿ ಗಾಡಿಗೆ ಆಳು ಬೇಕಾಯ್ತು. ರಂಗನಾಯಕಿ ಮಿಸ್ಸು ಅಂತ ಇದ್ರು. ಇದ್ದಿಲು ಮೆತ್ತಿದ ಕೈ ಅಂತ ದೂರ ಮಾಡ್ಲಿಲ್ಲ, ನನ್ ಮುಷ್ಟಿ ಮೇಲೆ ಅವರ ಮುಷ್ಟಿ ಇಟ್ಟು ತಿದ್ದಿಸಿದ್ರು. ಹೇಳಿ ಬರೋಣಾಂತ ಹೋದೆ. ಅವತ್ತು ಅವರು ರಜಾ. ಆಮೇಲೆ ವರ್ಗ ಆಗಿ ಹೋದ್ರಂತೆ.”

“ಇದ್ದಿದ್ರೆ ಏನು ಹೇಳ್ತಿದ್ರಿ?”

ಮುನಿರಾಮಪ್ಪ ರಟ್ಟನ್ನು ಮತ್ತೆ ಮಂಡಿಗೇರಿಸಿದ. ಪೆನ್ಸಿಲಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿಕೊಂಡು ಬರೆಯತೊಡಗಿದ. ಬರೆದು ಮುಗಿಸಿ, ಚೀಟಿಯನ್ನು ಎರಡು ಕೈಯಲ್ಲಿ ಹಿಡಿದು ಒಪ್ಪಿಸಿದ. ಲಾಸ್ಯಾ ಓದಿದಳು. ಮತ್ತೆ ಓದಿದಳು. ಆಮೇಲೆ ಕೆಳಗಿದ್ದ ಹೆಸರಿನ ಮೇಲೆ ಅವಳ ಬೆರಳು ನಿಂತಿತು.

“ಅಯ್ಯೋ, ಆಟದ ಹುಡುಗನ ಹೆಸರು ಶ್ರೀಹರಿ ಅಲ್ವಾ! ಮರೆತೇಬಿಟ್ಟೆ. ಕೊಡು ತಾಯಿ, ನಂದು ಹೊಡೆದುಹಾಕ್ತೀನಿ,” ಎಂದು ಅವನು ಕೈ ಚಾಚಿದ.

ಅವಳು ಚೀಟಿಯನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದಳು. “ಬೇಡ ತಾತ. ಆ ಹುಡುಗನ ಹೆಸರೇ ಬದಲಾಯಿಸ್ತೀನಿ.”

ಈಗ ಎಲ್ಲೆಲ್ಲಿನವರೋ ಆ ಶಾಲೆಯ ಬಾಗಿಲು ತಳ್ಳಿ ಒಳಗೆ ಬರುತ್ತಾರೆ. ಕೊನೆಯ ಕೋಣೆಯಲ್ಲಿ ಇರುವ ಒಂದೇ ಮೇಜಿನ ಮೇಲೆ ಚೀಟಿ ಇರುತ್ತದೆ:

‘ರಂಗನಾಯಕಿ ಮಿಸ್ಸು, ನೀವು ರಜಾ ಇದ್ದಿರಿ. ನನಗೆ ಒತ್ತಕ್ಷರ ತನಕ ಬಂತು. ನಿಮ್ಮಿಂದ ಬಂತು. ಹಾಜರಿಯಲ್ಲಿ ನನ್ನ ಹೆಸರು ಹೊಡೀಬೇಡಿ. ಮುನಿರಾಮ ಹೋದ. ಗುರುವಾರ.’