ನಡುಭಾಗದ ಬೀಜ

ನಾನು ಹೇಳುವುದರಲ್ಲಿ ಒಂದೇ ಒಂದು ಮಾತು ಸುಳ್ಳಿದ್ದರೂ ನನ್ನ ಹೊಲಿಗೆ ಮಿಷನ್ನು ಕೆಟ್ಟು ನಿಲ್ಲಲಿ ಅಂತ ದರ್ಜಿ ಮಿಷನ್ನಿನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ. ಮಿಷನ್ನು ಹೋದ ವಾರವೇ ಕೆಟ್ಟು ನಿಂತಿತ್ತು. ಹೆಂಡತಿಗೆ ಅದು ಗೊತ್ತಿರಲಿಲ್ಲ. ತಂಗಿಯ ಬಾಣಂತನ ಮುಗಿಸಿಕೊಂಡು ಬಂದವಳು ಸೀದಾ ತಾರಸಿಗೆ ಹತ್ತಿ, ಅಲ್ಲಿಂದ ಈಗಷ್ಟೇ ಮನೆಯೊಳಗೆ ಕಾಲಿಟ್ಟಿದ್ದಳು. ಚೀಲ ಇನ್ನೂ ಹೆಗಲಲ್ಲೇ ಇತ್ತು. ಕೈಯಲ್ಲಿ ಬಳ್ಳಿಯಿಂದ ಬಿಡಿಸಿ ತಂದ ಪಡವಲಕಾಯಿ. ಕಾಯಿ ಅನ್ನುವುದು ದೊಡ್ಡ ಮಾತಾಯಿತು. ಒಂದು ತೊಟ್ಟು, ತೊಟ್ಟಿಗೆ ಕಟ್ಟಿದ ಕೆಂಪು ದಾರ, ದಾರದ ಕೆಳಗೆ ಗೇಣುದ್ದವೂ ಇಲ್ಲದ, ಹಣ್ಣಾಗಿ ಕೆಂಪಗಾದ ತುಂಡು.

"ನಾನು ಹೋಗುವಾಗ ಇದು ನನ್ನೆತ್ತರ ಇತ್ತು," ಅಂದಳು. "ಮಿಕ್ಕಿದ್ದು ಎಲ್ಲಿ?"

ಆ ಕಟ್ಟಡದ ತಾರಸಿಯಲ್ಲಿ ಕುಂಡ ಇಟ್ಟವರಿಗೆಲ್ಲ ಕೆಂಪು ದಾರದ ಕಾನೂನು ಗೊತ್ತು. ದಾರ ಕಟ್ಟಿದ ಕಾಯಿ ಬೀಜಕ್ಕೆ ಬಿಟ್ಟಿದ್ದು. ಹಣ್ಣಾಗುವವರೆಗೆ ಯಾರೂ ಅದಕ್ಕೆ ಕೈ ಹಚ್ಚುವ ಹಾಗಿಲ್ಲ. ಈ ತಳಿ ಹೆಂಡತಿಯ ತಾಯಿ ಬದುಕಿದ್ದಾಗ ಕೊಟ್ಟದ್ದು. ಅದನ್ನು ಅವಳು ಎಲ್ಲರಿಗೂ ಹಂಚಿದ್ದಳು, ಎಲ್ಲರೂ ಕಳೆದುಕೊಂಡಿದ್ದರು. ಎಲೆಕ್ಟ್ರಿಷಿಯನ್ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದಕ್ಕೆ ಬೂಷ್ಟು ಹಿಡಿದಿತ್ತು. ಪಕ್ಕದ ಮನೆ ನರ್ಸಮ್ಮ ಬಟ್ಟೆಯಲ್ಲಿ ಕಟ್ಟಿಟ್ಟಿದ್ದನ್ನು ಇಲಿ ತಿಂದಿತ್ತು. ಉಳಿದದ್ದು ಇದೊಂದೇ ಕಾಯಿ. ನಾಳೆ ಬೆಳಗ್ಗೆ ಎಲ್ಲರೂ ಖಾಲಿ ಬೆಂಕಿಪೊಟ್ಟಣ ಹಿಡಿದು ಬೀಜಕ್ಕೆ ಬರುವವರಿದ್ದರು.

"ಕೆಳಗಿನ ಮನೆ ಟೈಪಿಂಗ್ ಟೀಚರ್," ಅಂದ ದರ್ಜಿ ದನಿ ತಗ್ಗಿಸಿ. "ನೀನು ಅತ್ತ ಹೋದೆ, ಇತ್ತ ಕಾಯಿ ಸುರುಳಿ ಸುತ್ತೋಕೆ ಶುರು ಮಾಡ್ತು. ತಾರಸಿಯವರನ್ನೆಲ್ಲ ಕೇಳಿದೆ. ಒಬ್ಬ ಬುಡಕ್ಕೆ ಬೂದಿ ಹಾಕು ಅಂದ. ಇನ್ನೊಬ್ಬ ಬೂದಿ ಹಾಕಿದ್ರೆ ಬಳ್ಳಿ ಸತ್ತೇಹೋಗುತ್ತೆ ಅಂದ. ನರ್ಸಮ್ಮ, ಅದರ ಜೊತೆ ದಿನಾ ಮಾತಾಡಿ ಅಂದ್ರು. ಮಾತಾಡಿದೆ."

"ಪಾಪ," ಅಂದಳು ಹೆಂಡತಿ. ಯಾರಿಗೆ ಅಂತ ಹೇಳಲಿಲ್ಲ.

"ಕೊನೆಗೆ ಎಲೆಕ್ಟ್ರಿಷಿಯನ್ ಹೇಳಿದ ಹಾಗೆ ತುದಿಗೊಂದು ಕಲ್ಲು ಕಟ್ಟಿದೆ ನೋಡು. ನೆಟ್ಟಗಾಗೋದೇನು, ಓಡೋಕೇ ಶುರು ಮಾಡ್ತು! ಬೆಳಗ್ಗೆ ತಾರಸಿ ಗೋಡೆ ದಾಟ್ತು, ಮಧ್ಯಾಹ್ನ ನಮ್ಮ ಕಿಟಕಿ ದಾಟ್ತು, ಸಂಜೆಗೆ ಟೀಚರ್ ಕಿಟಕಿ. ಕಲ್ಲು ಅವರ ಗಾಜಿಗೆ ಟಕ್ ಟಕ್ ಅಂತ ಬಡೀತಂತೆ. ಯಾರೋ ಕರೀತಿದ್ದಾರೆ ಅಂತ ಕಿಟಕಿ ತೆಗೆದ್ರಂತೆ."

"ತೆಗೆದು?"

"ತುದಿಯಿಂದ ಗೇಣುದ್ದ ಕತ್ತರಿಸಿಕೊಂಡು, ಕಲ್ಲನ್ನ ಮತ್ತೆ ಕಟ್ಟಿ ಬಿಟ್ರು. ಸುಳ್ಳು ಹೇಳಬಾರದು, ಹೆಂಗಸು ಪ್ರಾಮಾಣಿಕಳು. ಕಲ್ಲಿಗೆ ಆಸೆ ಪಡಲಿಲ್ಲ."

"ಅವರಿಗೆ ಕೆಂಪು ದಾರ ಕಾಣಲಿಲ್ವಾ?"

"ಹೇಗೆ ಕಾಣುತ್ತೆ? ದಾರ ಇದ್ದದ್ದು ತೊಟ್ಟಲ್ಲಿ, ಅಷ್ಟು ಮೇಲೆ. ಅವರ ಕಿಟಕಿಗೆ ಬಂದಿದ್ದು ಬರೀ ತುದಿ. ಬೀಜಕ್ಕೆ ನಡುಭಾಗದ್ದೇ ಆಗಬೇಕು, ತುದಿಯದ್ದು ಪ್ರಯೋಜನಕ್ಕಿಲ್ಲ ಅಂತ ಊರಿಗೆಲ್ಲ ಪಾಠ ಹೇಳಿದವಳು ನೀನೇ ತಾನೇ? ಪ್ರಯೋಜನಕ್ಕಿಲ್ಲದ್ದನ್ನ ತಿಂದ್ರೆ ಏನು ತಪ್ಪು? ಆದರೆ ಮಾರನೇ ದಿನ ನೋಡ್ತಾರೆ, ಅದಕ್ಕೆ ಬೇರೆ ತುದಿ ಬಂದಿದೆ! ಸರಿ, ಅದನ್ನೂ ಕತ್ತರಿಸಿದ್ರು. ಅದರ ಮಾರನೇ ದಿನ ಮತ್ತೊಂದು ತುದಿ. ಹೀಗೆ ದಿನಾ ತುದೀನೇ ತಿಂದಿದ್ದು ಕಣೇ, ನಡುಭಾಗಕ್ಕೆ ಅವರು ಕೈಯೇ ಹಾಕಿಲ್ಲ."

ಹೇಳುತ್ತ ಹೇಳುತ್ತ ದರ್ಜಿಗೆ ಟೀಚರ್ ಮೇಲೆ ಕನಿಕರವೇ ಹುಟ್ಟಿತು. "ಬಯ್ಯೋಕೆ ಹೋಗಬೇಡ ಅವರನ್ನ," ಅಂದ. "ಮನೇಲಿ ಒಂಟಿ. ಕೇಳೋರಿಲ್ಲ. ದಿನಾ ಏನಂತ ಬೇಯಿಸ್ಕೊಳ್ಳೋದು? ಹೊಟ್ಟೆ ಅನ್ನೋದು ಕೇಳುತ್ತಾ?"

ಹೆಂಡತಿ ತುಂಡನ್ನು ತಿರುಗಿಸಿ, ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿದಳು. ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ ನುಣ್ಣಗಿರಲಿಲ್ಲ. ಸುತ್ತಲೂ ಒಂದೇ ಸಮನಾದ ಪುಟ್ಟ ಪುಟ್ಟ ಹಲ್ಲುಗಳು. ಬಟ್ಟೆಯಂಚಿನ ನೂಲು ಬಿಚ್ಚಿಕೊಳ್ಳದಿರಲಿ ಅಂತ ಹಲ್ಲು ಹಲ್ಲಾಗಿ ಕತ್ತರಿಸುವ ಕತ್ತರಿ ಆ ಕಟ್ಟಡದಲ್ಲೆಲ್ಲ ಒಂದೇ ಇತ್ತು. ಅದು ದರ್ಜಿಯ ಮೊಣಕೈ ಪಕ್ಕದಲ್ಲೇ, ಅರ್ಧ ಹೊಲಿದ ಶರ್ಟಿನ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು.

ಅವಳು ಚೀಲ ಇಳಿಸಿದಳು. ತುಂಡನ್ನು ಬೆರಳಲ್ಲೇ ಸೀಳಿ, ಕೆಂಪು ತಿರುಳಿನಿಂದ ಬೀಜ ಬಿಡಿಸಿದಳು. ಎಲ್ಲ ತೊಟ್ಟಿನ ಕಡೆಯವು. ಒಂದೊಂದನ್ನೂ ಉಗುರಿನಿಂದ ಒತ್ತಿ ನೋಡಿದಳು. ಹೆಚ್ಚಿನವು ಚಪ್ಪಟೆಯಾದವು. ಕೆಲವು ಮಾತ್ರ ಉಗುರಿಗೆ ಜಗ್ಗಲಿಲ್ಲ. ನಾಳೆಯ ಬೆಂಕಿಪೊಟ್ಟಣಗಳಿಗೆ ಏನೇನೂ ಸಾಲದು, ಒಂದು ಕುಂಡಕ್ಕೆ ಸಾಕು. ಅವನ್ನು ಕರ್ಚೀಫಿನ ಮೂಲೆಗೆ ಗಂಟು ಹಾಕಿಕೊಂಡು, ತೊಟ್ಟಿನ ಕೆಂಪು ದಾರ ಬಿಚ್ಚಿದಳು.

"ಎಲ್ಲಿ, ಕೈ ಕೊಡಿ."

ದರ್ಜಿ ಅಳತೆ ಕೊಡುವವನ ಹಾಗೆ ಕೈ ಚಾಚಿದ. ಅವಳು ದಾರವನ್ನು ಅವನ ಮಣಿಕಟ್ಟಿಗೆ ಸುತ್ತಿ ಬಿಗಿಯಾಗಿ ಗಂಟು ಹಾಕಿದಳು. ಬಯ್ಗುಳ ಬರಲಿಲ್ಲ ಅಂತ ಅವನಿಗೆ ಧೈರ್ಯ ಬಂತು.

"ಈಗ ನೋಡು, ಟೇಪಿನಲ್ಲಿ ಲೆಕ್ಕ ಹಾಕಿದ್ರೆ," ಅಂದ, "ಪೂರ್ತಿ ಕಾಯಿಯ ನಡುಭಾಗ ಅನ್ನೋದು ಈಗ ಹೆಚ್ಚು ಕಮ್ಮಿ ಟೀಚರ್ ಹೊಟ್ಟೆಯಲ್ಲಿ, ಅಂದ್ರೆ ಅವರನ್ನೇ ನಾವು..."

ಅಷ್ಟರಲ್ಲಿ ಅವಳು ಮೆಟ್ಟಿಲಿಳಿಯುತ್ತಿದ್ದಳು. ಕೆಳಗೆ ಬಾಗಿಲು ತಟ್ಟಿದ ಸದ್ದು, ಚಿಲಕ ತೆಗೆದ ಸದ್ದು, ಆಮೇಲೆ ಅವಳ ದನಿ:

"ಟೀಚರೇ, ಇವತ್ತು ನಂಗೂ ಒಂದು ತಟ್ಟೆ ಹಾಕಿ. ನಮ್ಮನೇಲಿರೋದನ್ನ ಬೀಜಕ್ಕೆ ಬಿಟ್ಟು ಬಂದಿದ್ದೀನಿ."