ನಲವತ್ತೊಂದು ಸಹಿ

ಒಂದೇ ಪ್ಯಾರಾವನ್ನು ಇಡೀ ಪೀರಿಯಡ್ ಓದಿಸಿ, "ಇದ್ರಿಂದ ನಿಂಗೇನು ತಿಳೀತು?" ಎಂದು ಜೀವ ಹಿಂಡುವ ಕನ್ನಡ ಮೇಡಂ ಕಂಡರೆ ಗಿರಿಧರನಿಗೆ ಮೈಯೆಲ್ಲ ಉರಿ. ಡಿಗ್ರಿ ಕೊನೇ ವರ್ಷದಲ್ಲಿ ಇದೆಂಥ ಅಂಗನವಾಡಿ! ಅವರನ್ನು ಎತ್ತಂಗಡಿ ಮಾಡಿಸಲೇಬೇಕೆಂದು ಹಟ ತೊಟ್ಟು, ಪ್ರಿನ್ಸಿಪಾಲರಿಗೆ ಕೊಡುವ ಅರ್ಜಿಯನ್ನು ಶಾಂಭವಿಯಿಂದ ಬರೆಸಿದ. ಕ್ಲಾಸಿನಲ್ಲಿ ಉದ್ದುದ್ದ ವಾಕ್ಯ ಬರೆಯಲು ಬರುತ್ತಿದ್ದುದು ಅವಳೊಬ್ಬಳಿಗೇ. ಎರಡು ಪುಟ, ಬರೀ ಕಚೇರಿ ಕನ್ನಡ.

"ಸೈನ್ ಹಾಕೋ ಮುಂಚೆ ಒಂದ್ಸಲ ಓದ್ಬಿಡ್ರೋ," ಎಂದಳು ಶಾಂಭವಿ.

"ನೀನೂ ಆ ಮೇಡಂ ಥರ ಆಡ್ಬೇಡ ಮಾರಾಯ್ತಿ. ಪೆನ್ ಕೊಡು."

ನಲವತ್ತೊಂದು ಸಹಿಗಳು ಬಿದ್ದವು.

ಮರುದಿನ ಪ್ರಿನ್ಸಿಪಾಲರು ಮೇಡಂ ಜೊತೆಗೇ ಕ್ಲಾಸಿಗೆ ಬಂದರು.

"ಇದನ್ನ ಎಲ್ರೂ ಓದೇ ಸೈನ್ ಹಾಕಿದ್ದಾ?"

"ಒಂದೊಂದು ಅಕ್ಷರಾನೂ ಓದಿದೀವಿ ಸಾರ್!" ಗಿರಿಧರ ಎದೆಯುಬ್ಬಿಸಿ ಎದ್ದು ನಿಂತ. "ಮೇಡಂ ಎದುರಿಗೇ ಹೇಳ್ತೀನಿ. ಅದ್ರಲ್ಲಿರೋದೇ ನಮ್ಮ ತೀರ್ಮಾನ, ಹಿಂದೆ ತಗೊಳ್ಳಲ್ಲ."

"ಹಾಗಾದ್ರೆ ಕೊನೇ ವಾಕ್ಯ ನೀನೇ ಗಟ್ಟಿಯಾಗಿ ಓದಪ್ಪ."

ಗಿರಿಧರ ಮೇಡಂ ಕಡೆ ಒಮ್ಮೆ ದುರುಗುಟ್ಟಿ ನೋಡಿ, ಹಾಳೆ ಹಿಡಿದು, ಇಡೀ ಕ್ಲಾಸಿಗೆ ಕೇಳುವಂತೆ ಓದಿದ:

"ಆದಕಾರಣ ಸದರಿ ಉಪನ್ಯಾಸಕಿಯವರ ತರಗತಿಗಳನ್ನು ವಾರಕ್ಕೆ ನಾಲ್ಕರಿಂದ ಎಂಟಕ್ಕೆ ಏರಿಸಬೇಕೆಂದು ನಾವೆಲ್ಲರೂ ಒಕ್ಕೊರಲಿನಿಂದ ಪ್ರಾರ್ಥಿಸುತ್ತೇವೆ."