ದಾರಿ ಸಾಫು ಮಾಡಿದ ಅಪ್ಪ

ಮಗಳು ಮೂಲೆಗೆ ಬಂದು ನಿಂತುಬಿಟ್ಟಳು. ಬಿಳಿ ಕೋಲನ್ನು ಎಡಕ್ಕೆ ಆಡಿಸಿದಳು, ಬಲಕ್ಕೆ ಆಡಿಸಿದಳು, ಏನೂ ತಗಲಲಿಲ್ಲ. ಚಪ್ಪಲಿ ಸದ್ದಾದೀತೆಂದು ಬರಿಗಾಲಲ್ಲೇ ಹಿಂಬಾಲಿಸಿ ಬಂದಿದ್ದ ಬಡಗಿ ಅಪ್ಪನೂ ಗಕ್ಕನೆ ನಿಂತ.

ಅಲ್ಲಿ ತಗಲಬೇಕಿದ್ದದ್ದು ಹಳೇ ಡಾಂಬರಿನ ಡ್ರಮ್ಮು. ಮಗಳು ಎಡವಿ ಬಿದ್ದಾಳೆಂದು ಬೆಳಿಗ್ಗೆ ಅದನ್ನು ಉರುಳಿಸಿ ಚರಂಡಿಯಾಚೆ ಸಾಗಿಸಿದವನು ಈ ಮಹಾನುಭಾವನೇ. ಮುರುಕು ಬೆಂಚು, ಇಟ್ಟಿಗೆ ರಾಶಿ ಎಲ್ಲ ಎತ್ತಿ ಹಾಕಿ ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದ. ಕೋಲು ಹಿಡಿದು ನಡೆಯುವುದನ್ನು ಕಲಿಸಿದ ಮೇಡಂ ಮೂರು ವಾರದಿಂದ ಅವಳಿಗೆ ಹೇಳಿಕೊಟ್ಟಿದ್ದ ಗುರುತುಗಳೇ ಅವು: ಬೆಂಚು ತಗಲಿದರೆ ನೇರ ನಡೆ, ಡ್ರಮ್ಮು ತಗಲಿದರೆ ನಿಂತು ರಸ್ತೆ ದಾಟು. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದರು. ಇವನು ಕೇಳಿದ್ದರೆ ತಾನೇ!

ಎರಡು ವರ್ಷದ ಹಿಂದೆ ಕಣ್ಣು ಕಳೆದುಕೊಂಡ ಮಗಳಿಗೆ ರಸ್ತೆಯಾಚೆಯ ಆಫೀಸಿನಲ್ಲಿ ಫೋನಿಗೆ ಉತ್ತರ ಕೊಡುವ ಕೆಲಸ ಸಿಕ್ಕಿತ್ತು. ಇವತ್ತು ಒಬ್ಬಳೇ ಹೋಗಿ ಮುಟ್ಟಿದರೆ ಕೆಲಸಕ್ಕೆ ಹೋಗು, ಇಲ್ಲದಿದ್ದರೆ ಆ ಮಾತೇ ಬೇಡ ಎಂದು ಷರತ್ತು ಹಾಕಿದವನೂ ಅವನೇ. ಹಿಂದೆ ಬರುವುದಿಲ್ಲ ಎಂದು ಮಾತು ಕೊಟ್ಟವನೂ ಅವನೇ. ಈಗ ಕೂಗಿದರೆ ಅವಳು ಸೋತ ಹಾಗೆ. ಕೂಗದಿದ್ದರೆ? ಬಸ್ಸೊಂದು ಬುಸ್ಸೆಂದು ಹಾದುಹೋಯಿತು. ಏನು ಮಾಡಬೇಕೆಂದೇ ತೋಚದೆ, ತನಗೇ ಗೊತ್ತಿಲ್ಲದ ಹಾಗೆ ಅವಳ ಪಕ್ಕದಲ್ಲಿ ಹೋಗಿ ನಿಂತಿದ್ದ.

"ಯಾರು ಅಲ್ಲಿ? ಇಲ್ಲೊಂದು ಡ್ರಮ್ಮಿತ್ತಲ್ಲ, ಎಲ್ಲಿ ಹೋಯ್ತು?" ಎಂದಳು ಮಗಳು.

ಬಾಯಿ ಬಿಟ್ಟರೆ ದನಿ ಗುರುತು ಸಿಗುತ್ತದೆ. ಉಸಿರು ಬಿಗಿಹಿಡಿದು ಕಂಬದ ಹಾಗೆ ನಿಂತ. ಅವಳು ಸೈಕಲ್ ರಿಪೇರಿ ಅಂಗಡಿಯ ಸುತ್ತಿಗೆ ಸದ್ದು ಬರುತ್ತಿದ್ದ ಕಡೆ ತಿರುಗಿ, ಆಫೀಸು ಇದೇ ನೇರಕ್ಕಾ ಎಂದು ಗಟ್ಟಿಯಾಗಿ ವಿಚಾರಿಸಿದಳು. ಹತ್ತು ಹೆಜ್ಜೆ ಮುಂದೆ ಹೋಗಿ ದಾಟಿದರೆ ಎದುರಿಗೇ ಗೇಟು ಎಂದ ಸೈಕಲ್ಲಿನವನು. ಮನೆಗೆ ಬಂದ ನೆಂಟರೆದುರು ಬಾಯಿ ಬಿಡದ ಹುಡುಗಿ ಬೀದಿಯಲ್ಲಿ ಹೀಗೆ ಕೂಗುತ್ತಾಳೆಂದರೆ ಅಪ್ಪನಿಗೆ ನಂಬಿಕೆಯೇ ಬರಲಿಲ್ಲ. ಖುಷಿಪಡಬೇಕೋ ಬೇಜಾರುಪಡಬೇಕೋ ತಿಳಿಯದೆ ಹಿಂದೆಯೇ ಹತ್ತು ಹೆಜ್ಜೆ ನಡೆದ.

ಅವಳು ಕಿವಿಗೊಟ್ಟು ನಿಂತು, ಗಾಡಿಗಳ ಸದ್ದು ಕಡಿಮೆಯಾದ ಮೇಲೆ ಹಿಂದಕ್ಕೆ ಮೊಳಕೈ ಚಾಚಿದಳು. "ನೀವೂ ದಾಟ್ಬೇಕಾ? ಹಿಡ್ಕೊಳ್ಳಿ."

ಅವನು ಹಿಡಿದುಕೊಂಡ. ಉಳಿ ಹಿಡಿದು ಒರಟಾದ ಬೆರಳುಗಳು ಅವಳ ಮೊಳಕೈಗೆ ತಗಲಿದವು. ಅವಳು ಒಂದೇ ಸಮನೆ ಹೆಜ್ಜೆ ಹಾಕುತ್ತ ಅವನನ್ನು ಆಚೆಗೆ ದಾಟಿಸಿ, ಕೋಲಿನಿಂದ ಆಫೀಸಿನ ಗೇಟು ಕುಟ್ಟಿ ನೋಡಿದಳು. ಮೆಲ್ಲಗೆ ಅವನ ಕೈ ಬಿಡಿಸಿದಳು.

"ಅಪ್ಪಾ, ವಾಪಸ್ ಒಬ್ಬನೇ ದಾಟ್ತೀಯಾ, ನಾನು ಬರ್ಲಾ?"